ಕೊರೋನಾದಲ್ಲಿ ಅಮೆರಿಕದ ರಾಜ್ಯಗಳಿಗೆ ಕೇಂದ್ರ ದುಡ್ಡು ಕೊಟ್ಟಿದ್ದು ಹೇಗೆ? ನಮಗೂ ಹಾಗೇ ಬಂತಾ?

ತೊಗರಿನಾಡು, ಕಲಬುರಗಿ:
ನಮ್ಮ ಕಾಕಾನ ಮಗ ಅಮೆರಿಕದಲ್ಲಿದ್ದಾನೆ. ಕೊರೋನಾ ಬಂದಾಗ ಅಲ್ಲಿಯ ಕೇಂದ್ರ ಸರ್ಕಾರ ಬಡವರ ಆರೋಗ್ಯ ಯೋಜನೆಗೆ, ಅದೇ ಮೆಡಿಕೈಡ್‌ಗೆ, ಜಾಸ್ತಿ ದುಡ್ಡು ಕೊಟ್ಟು ರಾಜ್ಯಗಳ ಬಜೆಟ್ ಉಳಿಸಿತು ಅಂತಾನೆ. ದವಾಖಾನೆ ದುಡ್ಡಿಗೂ ರಾಜ್ಯದ ಬಜೆಟ್‌ಗೂ ಏನು ಸಂಬಂಧ? ನಮ್ಮ ಆಯುಷ್ಮಾನ್ ಕಾರ್ಡಿಗೂ ಹಾಗೆ ಏನಾದರೂ ಸಿಕ್ಕಿತ್ತಾ? ದೇಶದಲ್ಲಿ ದಾಖಲಾದ ಮೊದಲ ಕೊರೋನಾ ಸಾವು ನಮ್ಮೂರಿನದೇ, 2020ರ ಮಾರ್ಚ್‌ನಲ್ಲಿ. ಅದಕ್ಕೇ ಕೇಳುತ್ತಿದ್ದೇನೆ. ಪಕ್ಷದ ಜಗಳ ಬೇಡ, ಗೊತ್ತಿದ್ದವರು ಹೇಳಿ.

ಬೀದರ್ ಲೆಕ್ಕಿಗ:
ಸಂಬಂಧ ದೊಡ್ಡದೇ ಇದೆ ರೀ. ಮೆಡಿಕೈಡ್ ಖರ್ಚನ್ನು ಅಲ್ಲಿ ಕೇಂದ್ರ, ರಾಜ್ಯ ಎರಡೂ ಹಂಚಿಕೊಳ್ಳುತ್ತವೆ. ಕೇಂದ್ರದ ಪಾಲು ಕಮ್ಮಿ ಅಂದರೂ 50 ಪರ್ಸೆಂಟ್, ತೀರಾ ಬಡ ರಾಜ್ಯಕ್ಕೆ 70 ದಾಟುತ್ತದೆ. ಕೆಲಸ ಹೋದಾಗ ಜನ ಮೆಡಿಕೈಡ್‌ಗೆ ಬಂದು ಸೇರುತ್ತಾರೆ, ಅದೇ ಹೊತ್ತಿಗೆ ರಾಜ್ಯದ ತೆರಿಗೆ ಬೀಳುತ್ತದೆ, ಮೇಲಾಗಿ ಅಲ್ಲಿಯ ಬಹುತೇಕ ರಾಜ್ಯಗಳು ಬಜೆಟ್ ಸರಿದೂಗಿಸಲೇಬೇಕು, ಸಂಬಳ-ಸಾರಿಗೆಗೆಲ್ಲ ಸಾಲ ಎತ್ತುವ ಹಾಗಿಲ್ಲ. ಆಗ ಕತ್ತರಿ ಬೀಳುವುದು ಶಾಲೆಗೋ ದವಾಖಾನೆಗೋ. ಹಾಗಾಗಿ 2020ರ ಮಾರ್ಚ್‌ನಲ್ಲಿ ಕಾನೂನು ಮಾಡಿ ಕೇಂದ್ರ ತನ್ನ ಪಾಲನ್ನು 6.2 ಪಾಯಿಂಟ್ ಏರಿಸಿತು. 50 ಇದ್ದಲ್ಲಿ 56.2. ಷರತ್ತು ಏನೆಂದರೆ, ಸೇರಿದವರನ್ನು ಹೊರಗೆ ಹಾಕಬಾರದು. ಹೊಸ ಆಫೀಸು, ಹೊಸ ಯೋಜನೆ ಏನೂ ಇಲ್ಲ, ಇದ್ದ ಬಿಲ್ಲಿನಲ್ಲೇ ರಾಜ್ಯದ ಹೊರೆ ಇಳಿಯಿತು. ನನಗೆ ಹಿಡಿಸಿದ್ದು ಅದೇ.

ಶಹಾಪುರದ ಮೇಷ್ಟ್ರು:
ಉಳಿದ ಅರ್ಧವನ್ನೂ ಹೇಳಿ ಸರ್. ಆ ಷರತ್ತು 2023ರ ಮಾರ್ಚ್ 31ಕ್ಕೆ ಮುಗಿಯಿತು. ಹೆಚ್ಚುವರಿ ದುಡ್ಡನ್ನೂ ಡಿಸೆಂಬರ್‌ವರೆಗೆ ಇಳಿಸುತ್ತಾ ಬಂದು ನಿಲ್ಲಿಸಿದರು. ಆಮೇಲೆ 2 ಕೋಟಿಗೂ ಜಾಸ್ತಿ ಜನರ ಹೆಸರು ಪಟ್ಟಿಯಿಂದ ಹೋಯಿತು, ಅದರಲ್ಲೂ ಹೆಚ್ಚಿನವರದ್ದು ಕಾಗದಪತ್ರದ ಕಾರಣಕ್ಕೆ. ರೇಷನ್ ಕಾರ್ಡಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಬೀದರ್ ಲೆಕ್ಕಿಗ:
ಒಪ್ಪಿದೆ ಮೇಷ್ಟ್ರೇ. ಇನ್ನು ನಮ್ಮ ಕಥೆ. ನಮ್ಮಲ್ಲಿ ಬಂದಿದ್ದು ಬೇರೆ ದಾರಿಯಲ್ಲಿ. ಆರೋಗ್ಯಕ್ಕೆ ಅಂತ 2020ರಲ್ಲಿ 15,000 ಕೋಟಿಯ ಪ್ಯಾಕೇಜ್ ಬಂತು, 2021ರಲ್ಲಿ 23,123 ಕೋಟಿಯದು, ಅದರಲ್ಲಿ 8,123 ಕೋಟಿ ರಾಜ್ಯಗಳೇ ಹಾಕಬೇಕಿತ್ತು. ಇದು ಇಡೀ ದೇಶದ ಲೆಕ್ಕ, ನೆನಪಿರಲಿ. ಹಾಸಿಗೆ, ಆಕ್ಸಿಜನ್, ಲ್ಯಾಬ್ ಇಂಥದ್ದಕ್ಕೆ. ಬಜೆಟ್ ತೂತು ಮುಚ್ಚಲು ಸಿಕ್ಕಿದ್ದು ಮಾತ್ರ ಹೆಚ್ಚಾಗಿ ಸಾಲವೇ. ರಾಜ್ಯಗಳ ಸಾಲದ ಮಿತಿಯನ್ನು 2020-21ಕ್ಕೆ ರಾಜ್ಯದ ಒಟ್ಟು ಉತ್ಪನ್ನದ 3ರಿಂದ 5 ಪರ್ಸೆಂಟ್‌ಗೆ ಏರಿಸಿದರು, ಅದರಲ್ಲೂ ಒಂದಿಷ್ಟಕ್ಕೆ ಷರತ್ತು. ಜಿಎಸ್‌ಟಿಯಿಂದ ರಾಜ್ಯಗಳಿಗಾದ ತೆರಿಗೆ ನಷ್ಟಕ್ಕೆ ಕೊಡುತ್ತಿದ್ದ ಪರಿಹಾರದ ದುಡ್ಡು ಕಮ್ಮಿ ಬಿದ್ದಾಗ ಕೇಂದ್ರವೇ ಸಾಲ ಎತ್ತಿ ರಾಜ್ಯಗಳಿಗೆ ಕೊಟ್ಟಿತು, ಅದನ್ನು ತೀರಿಸುವ ಲೆಕ್ಕ ಇದ್ದದ್ದು ಸೆಸ್ ಎಂಬ ಹೆಚ್ಚುವರಿ ತೆರಿಗೆಯಿಂದ.

ಆಯುಷ್ಮಾನ್‌ನಲ್ಲಿ ಕೇಂದ್ರ 60, ರಾಜ್ಯ 40 ಪರ್ಸೆಂಟ್ ಅನ್ನುತ್ತಾರಲ್ಲ, ಆ 60 ಸಿಗುವುದು ಕೇಂದ್ರದ ಲೆಕ್ಕದಲ್ಲಿರುವ ಕುಟುಂಬಗಳಿಗೆ ಮಾತ್ರ. ನಮ್ಮ ರಾಜ್ಯ ಬಿಪಿಎಲ್‌ನವರಿಗೆಲ್ಲ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಕೊಡುತ್ತದೆ. ಕೇಂದ್ರದ ಲೆಕ್ಕದ ಹೊರಗಿನ ಕುಟುಂಬಗಳ ಖರ್ಚೆಲ್ಲ ಬೆಂಗಳೂರಿನ ಖಜಾನೆಯದೇ.

ತೊಗರಿನಾಡು, ಕಲಬುರಗಿ:
ಅಂದರೆ ಅಲ್ಲಿ 50 ಇದ್ದದ್ದು 56 ಆಯಿತು, ಇಲ್ಲಿ 60 ಇದ್ದದ್ದು ಕೊರೋನಾದಲ್ಲೂ 60 ಆಗೇ ಉಳಿಯಿತು?

ಬೀದರ್ ಲೆಕ್ಕಿಗ:
ಹೌದು ರೀ.