ಹಿಡಿ ಬದಲಾಯಿಸಬಹುದಾದ ಮಡಚುವ ಚಾಕು: ಯಾವುದು ಕೊಳ್ಳಬೇಕು, ಸ್ಕೇಲ್ ಎಲ್ಲಿ ಮಾಡಿಸಬೇಕು

ರಾಜಾಜಿನಗರದ ಗೆಳೆಯರೊಬ್ಬರು ಕೇಳಿದ್ದು ಇಷ್ಟು. ಆಫೀಸ್ ಬ್ಯಾಗಿನಲ್ಲಿ ಇಟ್ಟುಕೊಳ್ಳಲು ಒಂದು ಮಡಚುವ ಚಾಕು ಬೇಕು, ಪಾರ್ಸೆಲ್ ಬಿಚ್ಚಲು, ಹಣ್ಣು ಹೆಚ್ಚಲು. ಬಜೆಟ್ ಐದು ಸಾವಿರದ ಒಳಗೆ. ಹಿಡಿಯ ಎರಡೂ ಬದಿಯ ಹೊದಿಕೆ ಪಟ್ಟಿಗಳನ್ನು, ಅಂದರೆ ಸ್ಕೇಲ್‌ಗಳನ್ನು, ಮುಂದೆ ತಮಗೆ ಬೇಕಾದ ಹಾಗೆ ಬದಲಾಯಿಸಲು ಆಗಬೇಕು. ಯಾವುದು ಕೊಳ್ಳಲಿ, ಬೆಂಗಳೂರಿನಲ್ಲಿ ಸ್ಕೇಲ್ ಸಿಗುತ್ತಾ, ಪೊಲೀಸರು ನೋಡಿದರೆ ತೊಂದರೆ ಆಗುತ್ತಾ? ಅನುಭವ ಇದ್ದವರು ಹೇಳಿ ಅಂದಿದ್ದಾರೆ.

ಮೊದಲು ನೇರ ಉತ್ತರ. ವಿಕ್ಟೋರಿನಾಕ್ಸ್‌ನ 91 ಮಿಲಿಮೀಟರ್ ಚಾಕು ತಗೊಳ್ಳಿ. ಸ್ಪಾರ್ಟನ್ ಮಾಡೆಲ್ ಸಾಕು, ಕತ್ತರಿಯೂ ಬೇಕಿದ್ದರೆ ಕ್ಲೈಂಬರ್. ಬ್ರಾಂಡ್ ಹೆಸರು ನೋಡಿ ಹೀಗೆ ಹೇಳುತ್ತಿಲ್ಲ. ಈ ಚಾಕುವಿನಲ್ಲಿ ಅಲಗು, ಸ್ಪ್ರಿಂಗ್, ಲೈನರ್ ಅನ್ನುವ ತೆಳು ಲೋಹದ ಹಾಳೆ ಎಲ್ಲ ಸೇರಿ ರಿವೆಟ್ ಹೊಡೆದ ಒಂದು ಪೂರ್ತಿ ಯಂತ್ರ. ಸ್ಕೇಲ್ ಅದರ ಮೇಲೆ ಒತ್ತಿ ಕೂರಿಸಿದ ಹೊದಿಕೆ ಅಷ್ಟೇ. ಒಳಗಿನ ಹಿತ್ತಾಳೆ ಪಿನ್ನುಗಳ ತಲೆ ಸ್ವಲ್ಪ ಹೊರಗೆ ಉಬ್ಬಿರುತ್ತದೆ, ಸ್ಕೇಲಿನ ಒಳಮೈಯಲ್ಲಿರುವ ಗುಳಿಗಳು ಆ ತಲೆಗಳನ್ನು ಕಚ್ಚಿ ಹಿಡಿಯುತ್ತವೆ. ಅಂಟೂ ಇಲ್ಲ, ಸ್ಕ್ರೂ ಕೂಡ ಇಲ್ಲ. ಹಾಗಾಗಿ ಸ್ಕೇಲ್ ತೆಗೆದು ಹಾಕಿ ಎಷ್ಟು ಪ್ರಯೋಗ ಮಾಡಿದರೂ ಅಲಗಿನ ಬಿಗಿ ಹಾಗೇ ಇರುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಸ್ಕ್ರೂ ಹಾಕಿದ ಚಾಕುಗಳ ಕಥೆ ಬೇರೆ. ಬೆಂಚ್‌ಮೇಡ್ ಬಗೌಟ್ ಥರದವಕ್ಕೆ ಹೊರದೇಶದಲ್ಲಿ ನೂರೆಂಟು ಸ್ಕೇಲ್ ಸಿಗುತ್ತವೆ, ನೋಡಿದರೆ ಆಸೆಯಾಗುತ್ತದೆ, ನಿಜ. ಆದರೆ ಅಲ್ಲಿ ಸ್ಕೇಲ್ ಬಿಚ್ಚುವುದು ಅಂದರೆ ಚಾಕುವನ್ನೇ ಬಿಚ್ಚುವುದು. ಲಾಕಿನ ಸಣ್ಣ ಸ್ಪ್ರಿಂಗು, ವಾಷರು ಎಲ್ಲ ಕೈಗೆ ಬರುತ್ತವೆ, ವಾಪಸ್ ಜೋಡಿಸಿದ ಮೇಲೆ ಅಲಗು ಮಧ್ಯಕ್ಕೆ ಬರುವ ಹಾಗೆ ಪಿವಟ್ ಸ್ಕ್ರೂ, ಅಂದರೆ ಅಲಗು ತಿರುಗುವ ಕೀಲಿನ ಸ್ಕ್ರೂ, ಕೂರಿಸಬೇಕು, ಸಡಿಲವಾದರೆ ಅಲಗು ಅಲ್ಲಾಡುತ್ತದೆ, ಬಿಗಿಯಾದರೆ ತೆರೆಯುವುದೇ ಇಲ್ಲ. ನಿಮ್ಮ ಬಜೆಟ್ಟಿಗೂ ಅದು ದೂರ. ಸ್ಕ್ರೂ ಇರುವ ಚಾಕು ಈಗಾಗಲೇ ಮನೆಯಲ್ಲಿದ್ದರೆ ಒಳ್ಳೆಯ ಟಾರ್ಕ್ಸ್ ಬಿಟ್, ಅಂದರೆ ಆರು ಮೂಲೆಯ ನಕ್ಷತ್ರದಾಕಾರದ ಸ್ಕ್ರೂಡ್ರೈವರ್ ತುದಿ ತಗೊಳ್ಳಿ. ಟಿ6, ಟಿ8 ಅಳತೆ ಎರಡೂ ಎಸ್.ಪಿ. ರೋಡಿನಲ್ಲಿ ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಅಗ್ಗದ ಬಿಟ್ ಸ್ಕ್ರೂ ತಲೆಯನ್ನೇ ಸವೆಸಿಬಿಡುತ್ತದೆ, ಅಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ವಿಕ್ಟೋರಿನಾಕ್ಸ್ ಒಳಗೂ ಒಂದು ಎಚ್ಚರ. ಬೆಳ್ಳಿ ಬಣ್ಣದ, ಗೀರು ಗೀರಾಗಿರುವ ಅಲಾಕ್ಸ್ ಮಾಡೆಲ್‌ಗಳನ್ನು ನೋಡಿ ಮರುಳಾಗಬೇಡಿ. ಬಹಳ ಗಟ್ಟಿ ಚಾಕು, ನನಗೂ ಇಷ್ಟ. ಆದರೆ ಅದರ ಅಲ್ಯೂಮಿನಿಯಂ ಸ್ಕೇಲಿಗೂ ರಿವೆಟ್ ಹೊಡೆದಿರುತ್ತಾರೆ. ರಿವೆಟ್ ಕೊರೆಯದೆ ಅದು ಬರುವುದಿಲ್ಲ. ನಿಮಗೆ ಬೇಕಾದದ್ದು ಕೆಂಪು ಪ್ಲಾಸ್ಟಿಕ್ ಸ್ಕೇಲಿನದ್ದು. ಆ ಪ್ಲಾಸ್ಟಿಕ್ಕಿಗೆ ಸೆಲಿಡಾರ್ ಅನ್ನುತ್ತಾರೆ. ಡೀಟ್ ಇರುವ ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಅದನ್ನು ಹಿಡಿಯಬೇಡಿ, ಮೈ ಕರಗಿ ಅಂಟಂಟಾಗುತ್ತದೆ. ಅಸಿಟೋನ್ ಅಂತೂ ಹತ್ತಿರ ತರಲೇಬೇಡಿ.

ಸ್ಪಾರ್ಟನ್ ಯಾಕೆ ಅಂದರೆ ಇನ್ನೂ ಒಂದು ಕಾರಣ ಇದೆ. ಅದರ ಹಿಂಬದಿಯಲ್ಲಿ ಕಾರ್ಕ್ ತೆಗೆಯುವ ಸುರುಳಿ ಇರುತ್ತದೆ. ನಮಗೆ ಅದು ಏನಕ್ಕೆ ಅಂತ ಬಹಳ ಜನ ಸ್ಟಾರ್ ಸ್ಕ್ರೂಡ್ರೈವರ್ ಇರುವ ಟಿಂಕರ್ ತಗೊಳ್ಳುತ್ತಾರೆ. ಆದರೆ ಆ ಸುರುಳಿಯೊಳಗೆ ಕನ್ನಡಕದ ಸ್ಕ್ರೂಗೆ ಆಗುವ ಪುಟ್ಟ ಸ್ಕ್ರೂಡ್ರೈವರ್ ತಿರುಗಿಸಿ ಕೂರಿಸಬಹುದು, ಅದು ಬಿಡಿಯಾಗಿ ಸಿಗುತ್ತದೆ. ಪ್ಲಾಸ್ಟಿಕ್ ಕವರಿನ ಬಿಗಿ ಗಂಟು ಬಿಚ್ಚಲೂ ಸುರುಳಿಯ ತುದಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಕನ್ನಡಕ ಹಾಕುವವರಿಗೆ ನಾನು ಯಾವಾಗಲೂ ಸ್ಪಾರ್ಟನ್ನೇ ಹೇಳುವುದು.

ಈಗ ಸ್ಕೇಲ್ ತೆಗೆಯುವ ವಿಷಯ. ಚಾಕುವಿನ ಎಲ್ಲ ಅಲಗುಗಳೂ ಮುಚ್ಚಿರಲಿ. ಸ್ಕೇಲಿನೊಳಗೆ ಸಿಕ್ಕಿಸಿರುವ ಚಿಮುಟ, ಟೂತ್‌ಪಿಕ್ ತೆಗೆದಿಡಿ. ಕೈ ಇಡಲು ಆಗುವಷ್ಟು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ, ಕುದಿಯುವ ನೀರು ಬೇಡ. ಪ್ಲಾಸ್ಟಿಕ್ ಸ್ವಲ್ಪ ಬಾಗುವ ಹಾಗಾಗುತ್ತದೆ. ಆಮೇಲೆ ತೆಳ್ಳಗಿನ ಸ್ಟೀಲ್ ಅಳತೆಪಟ್ಟಿಯೋ ಗೋಡೆಗೆ ಪುಟ್ಟಿ ಹಚ್ಚುವ ಮೊಂಡು ಬ್ಲೇಡೋ ತಗೊಂಡು ಸ್ಕೇಲು ಮತ್ತು ಲೈನರ್ ನಡುವೆ ತೂರಿಸಿ. ಒಂದೇ ತುದಿಯಿಂದ ಎತ್ತಿ ಕೀಳಬೇಡಿ, ಅಲ್ಲೇ ಮುರಿಯುವುದು. ಒಂದು ಪಿನ್ನಿನ ಹತ್ತಿರ ಕೂದಲೆಳೆಯಷ್ಟು ಎತ್ತಿ, ಮುಂದಿನ ಪಿನ್ನಿಗೆ ಹೋಗಿ, ಮತ್ತೆ ವಾಪಸ್ ಬನ್ನಿ. ಪಿನ್ ಬಿಟ್ಟುಕೊಟ್ಟಾಗ ಟಿಕ್ ಅಂತ ಸಣ್ಣ ಶಬ್ದ ಬರುತ್ತದೆ. ಅವಸರ ಬೇಡ. ಎಡಗೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ, ಪಟ್ಟಿ ಜಾರಿದರೆ ನೇರ ಅಂಗೈಗೆ ಬರುತ್ತದೆ. ತೆಗೆದ ಹಳೆಯ ಸ್ಕೇಲ್ ಬಿಸಾಡಬೇಡಿ, ಹೊಸದಕ್ಕೆ ಅದೇ ಅಚ್ಚು.

ಕೆಲಸ ಮುಗಿದ ಮೇಲೆ ಚಾಕು ಪೂರ್ತಿ ಒಣಗಿಸಿ ಕೀಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಆಗುತ್ತದೆ, ಹಣ್ಣು ಹೆಚ್ಚುವ ಚಾಕುವಿಗೆ ಅದೇ ಸರಿ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಬೇಡ. ಅಡುಗೆ ಎಣ್ಣೆ ದಿನ ಕಳೆದಂತೆ ಕಮಟಾಗಿ ಜಿಗುಟಾಗುತ್ತದೆ.

ಸ್ಕೇಲ್ ಎಲ್ಲಿಂದ ತರುವುದು ಅನ್ನುವುದೇ ನಿಮ್ಮ ಮುಖ್ಯ ಪ್ರಶ್ನೆ ಅಲ್ವಾ. ಟೈಟಾನಿಯಂ, ಕಾರ್ಬನ್ ಫೈಬರ್, ಮಿಕಾರ್ಟಾ, ಎಲ್ಲವೂ ಹೊರಗಿಂದ ತರಿಸಬಹುದು. ಸಾಗಾಣಿಕೆ, ಕಸ್ಟಮ್ಸ್ ಸುಂಕ ಸೇರಿದರೆ ಹಲವು ಸಲ ಚಾಕುವಿಗಿಂತ ಸ್ಕೇಲೇ ದುಬಾರಿ. ನನಗೆ ಅದು ಸರಿ ಅನ್ನಿಸುವುದಿಲ್ಲ, ಯಾಕಂದರೆ ಮಿಕಾರ್ಟಾದ ಅಣ್ಣತಮ್ಮಂದಿರು ನಮ್ಮೂರಲ್ಲೇ ಇದ್ದಾರೆ. ಹೈಲಮ್ ಶೀಟ್ ನೆನಪಿದೆಯಾ? ಹಳೆಯ ಮನೆಗಳ ಸ್ವಿಚ್ ಬೋರ್ಡಿನ ಮೇಲೆ ಸ್ಕ್ರೂ ಹಾಕಿ ಕೂರಿಸುತ್ತಿದ್ದ ಆ ಗಟ್ಟಿ ಹಲಗೆ. ಕಾಗದ ಅಥವಾ ಬಟ್ಟೆಯ ಪದರಗಳಿಗೆ ಫಿನಾಲಿಕ್ ರಾಳ ಕುಡಿಸಿ, ಬಿಸಿ ಮಾಡಿ ಒತ್ತಿ ಮಾಡುವುದು. ಅಮೆರಿಕದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ 1910ರ ಆಸುಪಾಸಿನಲ್ಲಿ ಮಿಕಾರ್ಟಾ ಮಾಡಿದ್ದೂ ಕರೆಂಟ್ ಕೆಲಸಕ್ಕೇ, ಚಾಕುವಿನ ಹಿಡಿಗೆ ಅದು ಬಂದದ್ದು ಆಮೇಲೆ. ಎಲೆಕ್ಟ್ರಿಕಲ್ ಇನ್ಸುಲೇಷನ್ ಸಾಮಾನು ಮಾರುವವರ ಹತ್ತಿರ ಬಟ್ಟೆ ಪದರದ ಕಂದು ಬಣ್ಣದ ಶೀಟ್ ಕೇಳಿ, ತುಂಡು ಉಳಿದಿದ್ದರೂ ಸಾಕು ಅನ್ನಿ. ಪಾಲಿಶ್ ಮಾಡದೆ ಬಿಟ್ಟರೆ ಕೈಯ ಎಣ್ಣೆ ಹೀರಿ ನಿಧಾನಕ್ಕೆ ಕಪ್ಪಗಾಗುತ್ತಾ ಹೋಗುತ್ತದೆ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ನನ್ನ ಚಾಕುವಿನ ಮೇಲೆ ಈಗ ಇರುವುದು ಅದೇ.

ಚಾಕುವಿನ ಹಿಡಿಗೆ ಬಳಸುವ ಜಿ10 ಅನ್ನುವುದೂ ದೂರದ್ದೇನಲ್ಲ. ಗಾಜಿನ ಎಳೆಯ ಬಟ್ಟೆಗೆ ಎಪಾಕ್ಸಿ ಕುಡಿಸಿದ ಶೀಟ್ ಅದು. ಸರ್ಕ್ಯೂಟ್ ಬೋರ್ಡ್ ಮಾಡುವ ಎಫ್‌ಆರ್4 ಅದರದ್ದೇ ಬೆಂಕಿ ತಡೆಯುವ ರೂಪ. ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಇದನ್ನು ಉಜ್ಜುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿಕೊಂಡು ವಾಟರ್ ಪೇಪರಿನಲ್ಲಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳು ಓಡಾಡುವ ಕಡೆ ಮಾಡಲೇಬೇಡಿ. ಹೈಲಮ್‌ಗೂ ಇದೇ ಮಾತು.

ಮರ ಬೇಕು ಅಂದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಒಂದು ಸುತ್ತು ಹಾಕಿ. ಅಂಗೈ ಅಗಲದ ತುಂಡುಗಳು ಅಲ್ಲಿ ಉಳಿಕೆ ಮಾಲು. ಬೀಟೆ ನೋಡಲು ಬಹಳ ಚೆಂದ, ಗಟ್ಟಿ, ಕೆಲಸವೂ ನಯವಾಗಿ ಬರುತ್ತದೆ. ತೇಗ ಸ್ವಲ್ಪ ಮೆತ್ತಗೆ, ಪಿನ್ನಿನ ಗುಳಿಯ ಅಂಚು ಬೇಗ ಸವೆಯುತ್ತದೆ. ಹುಣಸೆ ಮರದ ತಿರುಳು ಸಿಕ್ಕರೆ ಬಿಡಬೇಡಿ. ಚನ್ನಪಟ್ಟಣದ ಬಣ್ಣ ಹಾಕಿಸಬಹುದಾ ಅಂತ ಗೆಳತಿಯೊಬ್ಬರು ಕೇಳಿದ್ದರು. ಅಲ್ಲಿ ಅರಗನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಹತ್ತುತ್ತದೆ. ಚಪ್ಪಟೆ ಪಟ್ಟಿಗೆ ಆ ಕೆಲಸ ಆಗುವುದಿಲ್ಲ.

ಮಾಡುವ ಕ್ರಮದಲ್ಲಿ ಕಷ್ಟದ ಜಾಗ ಒಂದೇ, ಪಿನ್ನಿನ ಗುಳಿ ಎಲ್ಲಿ ಬರಬೇಕು ಅನ್ನುವುದು. ಅಳತೆ ತೆಗೆದು ಗುರುತು ಹಾಕಲು ಹೋದರೆ ಕೂದಲೆಳೆ ತಪ್ಪಿದರೂ ಕೂರುವುದಿಲ್ಲ. ನಮ್ಮ ಬಡಾವಣೆಯ ಬಡಗಿ ತೋರಿಸಿಕೊಟ್ಟ ಉಪಾಯ ಹೇಳುತ್ತೇನೆ. ಚಿಟಿಕೆ ಕುಂಕುಮಕ್ಕೆ ಒಂದು ಹನಿ ಎಣ್ಣೆ ಹಾಕಿ ಕಲೆಸಿ. ಕಡ್ಡಿಯಿಂದ ಪಿನ್ನುಗಳ ತಲೆಗೆ ಮಾತ್ರ ಮುಟ್ಟಿಸಿ. ಅಂಚು ಸರಿಯಾಗಿ ಹೊಂದಿಸಿ ಮರದ ಪಟ್ಟಿಯನ್ನು ಮೇಲಿಂದ ನೇರವಾಗಿ ಒತ್ತಿ, ಎತ್ತಿ. ಕೆಂಪು ಚುಕ್ಕೆ ಬಿದ್ದ ಕಡೆ ಗುಳಿ. ಡ್ರಿಲ್ ಬಿಟ್ಟಿಗೆ ಬೇಕಾದ ಆಳದಲ್ಲಿ ಟೇಪ್ ಸುತ್ತಿ, ಟೇಪ್ ಮರಕ್ಕೆ ಮುಟ್ಟಿದ ತಕ್ಷಣ ನಿಲ್ಲಿಸಿ, ಇಲ್ಲದಿದ್ದರೆ ಹೊರಮೈಗೆ ತೂತು ಬೀಳುತ್ತದೆ. ಗುಳಿ ಸ್ವಲ್ಪ ಚಿಕ್ಕದಾಗಿಯೇ ಕೊರೆದು, ಕೂರಿಸಿ ನೋಡುತ್ತಾ ದೊಡ್ಡದು ಮಾಡಿ. ಚಿಮುಟ, ಟೂತ್‌ಪಿಕ್ಕಿನ ಜಾಗ ಮೊದಲ ಜೊತೆಯಲ್ಲಿ ಬಿಟ್ಟುಬಿಡಿ, ಆ ಕಾಲುವೆ ಕೊರೆಯುವುದು ಬೇಸರದ ಕೆಲಸ.

ಅಂಟಿಸಲು ಅರಾಲ್ಡೈಟ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಒಮ್ಮೆ ಹಾಕಿದರೆ ಸ್ಕೇಲ್ ಒಡೆದೇ ತೆಗೆಯಬೇಕು, ಬದಲಾಯಿಸುವ ಚಾಕು ಕೊಂಡ ಉದ್ದೇಶವೇ ಹೋಯಿತು. ಗುಳಿ ಬಿಗಿಯಾಗಿದ್ದರೆ ಒಳ್ಳೆಯ ಡಬಲ್ ಸೈಡ್ ಟೇಪ್ ಸಾಕು. ಲೈನರನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಅಂಟಿಸಿ. ಮರಕ್ಕೆ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾಗಿದ್ದರೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ.

ಇದೆಲ್ಲ ಕೈಯಲ್ಲಿ ಆಗಲ್ಲ ಅನ್ನುವವರಿಗೆ ಎರಡು ದಾರಿ. ಪೀಣ್ಯದಲ್ಲಿ ಮಷಿನ್ ಶಾಪ್ ಇಟ್ಟಿರುವ ಗೆಳೆಯ ಹೇಳುವ ಪ್ರಕಾರ, ಒಂದು ಜೊತೆ ಸ್ಕೇಲಿಗೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರದ ಮೇಲೆ ಮಾಲು ಕೂರಿಸುವ ಖರ್ಚೇ ಜಾಸ್ತಿ, ನಾಲ್ಕೈದು ಜನ ಸೇರಿ ಒಂದೇ ಡ್ರಾಯಿಂಗ್ ತಗೊಂಡು ಹೋದರೆ ಅವರಿಗೂ ಲಾಭ, ನಿಮಗೂ ಅಗ್ಗ. ಇನ್ನೊಂದು 3ಡಿ ಪ್ರಿಂಟ್. ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಬೇಡ, ಅದು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಪಿನ್ನಿನ ಹಿಡಿತ ಸಡಿಲ. ಪಿಇಟಿಜಿ ಅನ್ನುವ ಪ್ಲಾಸ್ಟಿಕ್ ಕೇಳಿ.

ಪೊಲೀಸ್ ವಿಷಯ. 1959ರ ಆರ್ಮ್ಸ್ ಆಕ್ಟ್ ಕೆಳಗಿನ 2016ರ ನಿಯಮಗಳು ಲೈಸೆನ್ಸ್ ವಿಚಾರದಲ್ಲಿ ಹೇಳುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಬಗ್ಗೆ, ಅದರಲ್ಲೂ ಮನೆಕೆಲಸ, ಹೊಲದ ಕೆಲಸದ ಕತ್ತಿಗಳನ್ನು ಬಿಟ್ಟು. ಸ್ಪಾರ್ಟನ್ ಮಡಚಿದಾಗಲೇ ಇಡೀ ಚಾಕು 91 ಮಿಲಿಮೀಟರ್, ಅಲಗು ಅದಕ್ಕಿಂತ ಚಿಕ್ಕದು. ಹಾಗಂತ ಎಲ್ಲಿ ಬೇಕಾದರೂ ಒಯ್ಯಬಹುದು ಅಂತಲ್ಲ. ನಿಷೇಧಾಜ್ಞೆ ಇದ್ದಾಗ, ಚುನಾವಣೆ ಸಮಯದಲ್ಲಿ ಮನೆಯಲ್ಲೇ ಇಡಿ. ನಮ್ಮ ಮೆಟ್ರೋದಲ್ಲಿ, ಮಾಲ್‌ಗಳಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ, ಅಲ್ಲಿ ಭದ್ರತಾ ಸಿಬ್ಬಂದಿ ಹೇಳಿದ್ದೇ ಕೊನೆ ಮಾತು, ವಾದ ಮಾಡಬೇಡಿ. ದಿನಾ ಮೆಟ್ರೋದಲ್ಲೇ ಓಡಾಡುವವರು ಚಾಕುವನ್ನು ಆಫೀಸ್ ಡ್ರಾಯರಿನಲ್ಲಿ ಇಡುವುದು ನೆಮ್ಮದಿ. ವಿಮಾನಕ್ಕೆ ಚೆಕ್ ಇನ್ ಲಗೇಜಿನಲ್ಲಿ ಮಾತ್ರ. ಬಟನ್ ಒತ್ತಿದರೆ ಹಾರಿ ತೆರೆಯುವ ಚಾಕು ಕೊಳ್ಳಲೇಬೇಡಿ, ಹಣ್ಣು ಹೆಚ್ಚಲು ಅಂದರೆ ಯಾರೂ ನಂಬುವುದಿಲ್ಲ.

ಕಾಫಿ ಗಿಡದ ಬುಡದ ಮರದಲ್ಲಿ ಸ್ಕೇಲ್ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ಬರೆಯಿರಿ. ಸಕಲೇಶಪುರದಿಂದ ಒಂದು ತುಂಡು ಬಂದಿದೆ, ಇನ್ನೂ ಹಸಿ ಇದೆ. ಬಿರುಕು ಬಿಡದ ಹಾಗೆ ಎಷ್ಟು ದಿನ ಒಣಗಿಸಬೇಕು, ತುದಿಗಳಿಗೆ ಮೇಣ ಹಚ್ಚಬೇಕಾ ಅನ್ನುವುದು ನನಗೆ ಬೇಕಾಗಿದೆ.