‘ನಿಷ್ಠೆ’: ಯಾವುದರಲ್ಲಿ, ಯಾರಿಗೆ?

ಚುನಾವಣೆಯ ಟಿಕೆಟ್ ಹಂಚುವ ಹೊತ್ತಿಗೆ ‘ನಿಷ್ಠಾವಂತರಿಗೆ ಅನ್ಯಾಯ, ವಲಸಿಗರಿಗೆ ಮಣೆ’ ಎಂಬ ಧಾಟಿಯ ತಲೆಬರಹಗಳು ಬರುತ್ತವೆ. ಪಕ್ಷ ಬಿಟ್ಟವರ ಬಗ್ಗೆ ‘ನಿಷ್ಠೆ ಬದಲಿಸಿದರು’ ಎಂದೂ ಬರೆಯುತ್ತಾರೆ. ನನ್ನ ತಕರಾರು ಈ ಎರಡನೆಯದರ ಮೇಲೆ. ಬದಲಿಸಲು ಬರುವುದಾದರೆ ಅದು ನಿಷ್ಠೆ ಹೇಗಾದೀತು?

ಪದದ ಮೂಲದಲ್ಲಿರುವುದು ಸಂಸ್ಕೃತದ ‘ಸ್ಥಾ’ ಧಾತು. ಅರ್ಥ, ನೆಲೆಯೂರಿ ನಿಲ್ಲುವುದು. ಶರಣರ ಸಾಧನೆಯ ಆರು ಮೆಟ್ಟಿಲುಗಳಾದ ಷಟ್‌ಸ್ಥಲದಲ್ಲಿ ಭಕ್ತನದು ಶ್ರದ್ಧಾಭಕ್ತಿ, ಅದರ ಮುಂದಿನ ಮಹೇಶಸ್ಥಲದ್ದು ನಿಷ್ಠಾಭಕ್ತಿ. ಹಿಡಿದದ್ದನ್ನು ಅಲುಗಾಡದೆ ಹಿಡಿದಿರುವುದು ಅಷ್ಟೆ. ವಿಭಕ್ತಿಯನ್ನು ಗಮನಿಸಿ: ಲಿಂಗದಲ್ಲಿ ನಿಷ್ಠೆ, ಕಾಯಕದಲ್ಲಿ ನಿಷ್ಠೆ. ಎಲ್ಲ ಸಪ್ತಮಿ. ಈಗಿನ ರಾಜಕೀಯದ್ದು ಚತುರ್ಥಿ: ನಾಯಕರಿಗೆ ನಿಷ್ಠೆ, ಹೈಕಮಾಂಡಿಗೆ ನಿಷ್ಠೆ.

ಈ ‘ಯಾರಿಗೆ’ ಎಂಬ ಕೆಲಸಕ್ಕೆ ಹಳಗನ್ನಡದಲ್ಲಿ ಬೇರೆ ಪದಗಳಿದ್ದವು. ಜೋಳವಾಳಿ, ಅಂದರೆ ಉಂಡ ಅನ್ನದ ಹಂಗಿಗೆ ಒಡೆಯನ ಪರ ನಿಲ್ಲುವುದು. ವೇಳೆವಾಳಿ, ಅವನೊಡನೆಯೇ ಸಾಯುವ ಭಾಷೆ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನಿಗಾಗಿ ಜೀವ ಕೊಟ್ಟ ಕುವರಲಕ್ಷ್ಮನ ಗರುಡಗಂಬ ಹಳೇಬೀಡಿನಲ್ಲಿ ಇಂದಿಗೂ ಇದೆ. ಕ್ರೂರವಾದ ಪದ್ಧತಿ, ಆದರೆ ಮುಚ್ಚುಮರೆ ಇಲ್ಲ: ಉಂಡಿದ್ದೇನೆ, ತೀರಿಸುತ್ತೇನೆ. ಹುಟ್ಟಿನ ಗುಟ್ಟು ತಿಳಿದ ಮೇಲೂ ಕರ್ಣ ದುರ್ಯೋಧನನನ್ನು ಬಿಡದ್ದಕ್ಕೆ ‘ಋಣ’ ಎಂದರೆ ಒಪ್ಪುತ್ತದೆ. ಅವನನ್ನು ‘ನಿಷ್ಠಾವಂತ ಕಾರ್ಯಕರ್ತ’ ಎಂದರೆ ನಗು ಬರುತ್ತದೆ. ಜೋಳವಾಳಿ ಬಳಕೆ ತಪ್ಪಿದ ಮೇಲೆ ಅದರ ಹೊರೆಯನ್ನು ನಿಷ್ಠೆಯ ತಲೆಗೆ ಕಟ್ಟಿದೆವೇ ಎಂಬುದು ನನ್ನ ಅನುಮಾನ.

ಮನೆಮಾತಿನ ಲೆಕ್ಕವೇ ಬೇರೆ. ಗೆಳೆಯನಿಗೆ ‘ನೀನು ನನಗೆ ನಿಷ್ಠನಾಗಿದ್ದೀಯ’ ಎಂದು ಯಾರೂ ಹೇಳುವುದಿಲ್ಲ. ‘ನಿಯತ್ತಿನ ಮನುಷ್ಯ’ ಎನ್ನುತ್ತೇವೆ. ಅರಬ್ಬಿಯಿಂದ ಬಂದ ಈ ಪದಕ್ಕೆ ಮೂಲದಲ್ಲಿ ಉದ್ದೇಶ, ಸಂಕಲ್ಪ ಎಂಬ ಅರ್ಥ. ಹಾಗಾಗಿ ‘ನೀನು ಮಾಡಿದ್ದು ತಪ್ಪು ಮಾರಾಯ’ ಎಂದು ಮುಖಕ್ಕೆ ಹೇಳಿದವನ ನಿಯತ್ತಿಗೆ ಕುಂದಿಲ್ಲ. ಪಕ್ಷದಲ್ಲಿ ಅದೇ ಮಾತು ಆಡಿದವರಿಗೆ ನೋಟಿಸ್ ಬರುತ್ತದೆ! 1985ರ ಪಕ್ಷಾಂತರ ನಿಷೇಧ ಕಾಯ್ದೆಯೂ ನೋಡುವುದು ಪಕ್ಷ ಬಿಟ್ಟರೋ, ವಿಪ್ (ಸದನದಲ್ಲಿ ಹೀಗೇ ಮತ ಹಾಕಿ ಎಂಬ ಪಕ್ಷದ ಆಜ್ಞೆ) ಮೀರಿದರೋ ಎಂಬುದನ್ನು, ಮನಸ್ಸಿನಲ್ಲಿ ಏನಿತ್ತು ಎಂಬುದನ್ನಲ್ಲ. ಅದೇ ಶಾಸಕರು ಪ್ರಮಾಣ ಮಾಡುವಾಗ ಶ್ರದ್ಧೆ, ನಿಷ್ಠೆ ಎರಡೂ ಸಂವಿಧಾನದ ಬಗ್ಗೆ; ಅಲ್ಲಿ ಪಕ್ಷದ ಹೆಸರೇ ಇಲ್ಲ.

ನಿಯತ್ತು ಎಂದೊಡನೆ ನಾಯಿಯೂ ಬರಬೇಕಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ (ಹತ್ತನೆಯ ಶತಮಾನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ) ಹೇಳುವಂತೆ, ತಕ್ಕೋಲದ ಯುದ್ಧದಲ್ಲಿ ಮೆಚ್ಚಿಸಿದ ಮಣಲೆರ ಎಂಬ ವೀರನಿಗೆ ಗಂಗ ದೊರೆ ಬೂತುಗ ‘ಬೇಡಿಕೋ’ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಾಡಿ ಸತ್ತಿತು. ಅದಕ್ಕೂ ಕಲ್ಲು ನಿಲ್ಲಿಸಿದರು. ವಿಷಯಾಂತರ, ಇರಲಿ.

ದಾಂಪತ್ಯದ ಮಾತಿಗೆ ಬಂದರೆ ‘ಪತಿವ್ರತೆ’ಯ ಭಾರವೆಲ್ಲ ಹೆಣ್ಣಿನ ಮೇಲೆ. ಇಬ್ಬರಿಗೂ ಸಲ್ಲುವಂತೆ ದಿನಬಳಕೆಯಲ್ಲಿರುವುದು ‘ಎರಡು ಬಗೆಯಬಾರದು’ ಎಂಬ ನಿಷೇಧ ಮಾತ್ರ. ದ್ರೋಹಕ್ಕೆ ಮಾತ್ರ ನಮ್ಮಲ್ಲಿ ಪದಗಳ ಬರವಿಲ್ಲ: ಕೈಕೊಡುವುದು, ಬೆನ್ನಿಗೆ ಚೂರಿ ಹಾಕುವುದು, ಉಂಡ ಮನೆಯ ಜಂತೆ ಎಣಿಸುವುದು.

ಬಲ್ಲವರು ತಿಳಿಸಬೇಕು. ವ್ಯಕ್ತಿಗೆ ಸಲ್ಲುವ ‘-ಗೆ ನಿಷ್ಠೆ’ ಎಂಬ ಪ್ರಯೋಗ ಸ್ವಾತಂತ್ರ್ಯಪೂರ್ವದ ಪತ್ರಿಕೆಗಳಲ್ಲಿ ಕಂಡಿದೆಯೇ? ಜೋಳವಾಳಿಯ ಯಾವುದಾದರೂ ರೂಪ ನಿಮ್ಮ ಸೀಮೆಯ ಆಡುಮಾತಿನಲ್ಲಿ ಉಳಿದಿದೆಯೇ? ತಪ್ಪನ್ನು ತಪ್ಪೆನ್ನುತ್ತಲೇ ಜೊತೆ ಬಿಡದವನಿಗೆ ನಿಮ್ಮ ಕಡೆ ಏನನ್ನುತ್ತಾರೆ?