ಬೋರ್ ಮೋಟರ್ ಕರೆಂಟ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಮೂರು ಮನೆಗೂ ನೀರು ಕೊಡುವ ಬೋರ್ ಮೋಟರ್ ಕೆಳಗಿನ ಮನೆ ಆಂಟಿಯ ಮೀಟರ್‌ನಲ್ಲಿ ಓಡುತ್ತದೆ, ಅದರ ಖರ್ಚು ಹಂಚಿಕೊಳ್ಳುವ ಲೆಕ್ಕ ಇದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಕೇಳಿ.

ಮೇಲಿನ ಮನೆ ಅಣ್ಣ, ನಿನ್ನೆ ರಾತ್ರಿ ನೀವು ಹಾಕಿದ ಲೆಕ್ಕ ನೋಡಿದೆ. ಮೋಟರ್ 1 ಎಚ್‌ಪಿ, ಅಂದರೆ 746 ವ್ಯಾಟ್. ದಿನಕ್ಕೆ 2 ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್, ಸುಮಾರು 300 ರೂಪಾಯಿ. ಮೂರು ಮನೆಗೆ ತಲಾ 100, ಅಷ್ಟು ಕೊಟ್ಟರೆ ಮುಗೀತು ಅಂದಿರಿ. ಗುಣಾಕಾರ ಸರಿಯಾಗಿದೆ. ಆದರೆ ಆ 746 ವ್ಯಾಟ್ ಮೋಟರ್ ಹೊರಗೆ ಕೊಡುವ ಶಕ್ತಿ. ಅಷ್ಟು ಕೊಡಲು ಅದು ಲೈನಿನಿಂದ ಇನ್ನೂ ಜಾಸ್ತಿ ಎಳೆಯುತ್ತದೆ.

ಎಷ್ಟು ಜಾಸ್ತಿ ಅಂತ ಇವತ್ತು ಬೆಳಿಗ್ಗೆ ನೋಡಿಯೇಬಿಟ್ಟೆ. ಕೆಳಗಿನ ಮನೆ ಆಂಟಿಗೆ ಹೇಳಿ ಫ್ರಿಜ್, ಫ್ಯಾನ್ ಎಲ್ಲ ಆಫ್ ಮಾಡಿಸಿ, ಮೋಟರ್ ಒಂದನ್ನೇ ಓಡಿಸಿ ಮೀಟರ್ ಮುಂದೆ ನಿಂತೆ. ಅದರಲ್ಲಿ ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ ನೋಡಿ. ಆ ಮೀಟರ್ ಮೇಲೆ 3200 ಅಂತ ಬರೆದಿದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಮಗಳು ಟೈಮ್ ಹಿಡಿದಳು, ನಾನು ಎಣಿಸಿದೆ. ನಿಮಿಷಕ್ಕೆ 64. ಗಂಟೆಗೆ 3840, ಅಂದರೆ 1.2 ಯೂನಿಟ್. ದಿನಕ್ಕೆ 2 ಗಂಟೆ ಅಂದರೆ ತಿಂಗಳಿಗೆ 72. ಯಾರು ಬೇಕಾದರೂ ಬಂದು ಎಣಿಸಿ ನೋಡಬಹುದು.

ನನಗೆ ನಿಜಕ್ಕೂ ಬೇಜಾರಾಗಿದ್ದು ಆಮೇಲೆ, ಆಂಟಿ ಏಪ್ರಿಲ್ ಬಿಲ್ ತೋರಿಸಿದಾಗ. 212 ಯೂನಿಟ್, 1,700 ಚಿಲ್ಲರೆ. ಗೃಹಜ್ಯೋತಿ ಉಚಿತ ಕರೆಂಟ್ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಒಬ್ಬೊಬ್ಬರಿಗೆ ಒಂದು ಮಿತಿ ಇದೆ, ಅವರದು 190. ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಮೇಲಿನ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಮೊದಲನೇ ಯೂನಿಟ್‌ನಿಂದ ಪೂರ್ತಿ ಬಿಲ್. ಅವರ ಮನೆ ಬಳಕೆ ಬರೀ 140. ಮೋಟರ್ ಅವರ ಮೀಟರ್‌ನಲ್ಲಿ ಇಲ್ಲದಿದ್ದರೆ ಸೊನ್ನೆ ಬಿಲ್ ಬರುತ್ತಿತ್ತು, ಅಲ್ವಾ? ಅಲ್ಲಿಗೆ ಆಂಟಿಗೆ ಆದ ಖರ್ಚು 300 ಅಲ್ಲ, 72 ಯೂನಿಟ್‌ನ 480 ಕೂಡ ಅಲ್ಲ. ಇಡೀ 1,700 ಮೋಟರ್‌ನಿಂದಲೇ ಬಂದಿದ್ದು. ಅವರು ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ನಮಗೆ ಮೋಟರ್ ಹಾಕುವುದೂ ಅವರೇ.

ಹಾಗಾಗಿ ಈ ಬಿಲ್ ನಾವು ಎರಡು ಮನೆಯವರೇ ಕಟ್ಟೋಣ. ಮನೆಗೆ ಇಷ್ಟು ಅನ್ನುವುದಕ್ಕಿಂತ ತಲೆಗೆ ಇಷ್ಟು ಅನ್ನುವುದು ನ್ಯಾಯ, ನೀರು ಖರ್ಚಾಗುವುದು ಜನಕ್ಕೆ ತಕ್ಕಂತೆ ತಾನೇ. ನಾವು 4 ಜನ, ನೀವು 5. ತಲೆಗೆ ಸುಮಾರು 189. ನಮ್ಮದು 756, ನಿಮ್ಮದು 944. ನನ್ನ ಪಾಲು ಆಂಟಿಗೆ ಆಗಲೇ ಕೊಟ್ಟಿದ್ದೇನೆ.

ಮುಂದಿನ ತಿಂಗಳಿಂದ ಊಹೆ ಬೇಡ. ಮೋಟರ್ ಲೈನಿಗೆ ಒಂದು ಸಬ್ ಮೀಟರ್ ಹಾಕಿಸೋಣ. 1ನೇ ತಾರೀಕು ರೀಡಿಂಗ್ ಫೋಟೊ ತೆಗೆದು ಇಲ್ಲಿ ಹಾಕುತ್ತೇನೆ. ದರ ಬಿಲ್‌ನಲ್ಲೇ ಇರುತ್ತದೆ: 2025-26ರಲ್ಲಿ ಯೂನಿಟ್‌ಗೆ 5.80, ಅದರ ಮೇಲೆ ಶೇ. 9 ತೆರಿಗೆ, ವಿದ್ಯುತ್ ನೌಕರರ ಪಿಂಚಣಿಗೆ ಅಂತ 36 ಪೈಸೆ ಸರ್ಚಾರ್ಜ್ ಇತ್ತು. ಮೋಟರ್‌ಗೇ ಬೇರೆ ಕನೆಕ್ಷನ್ ತೆಗೆದುಕೊಳ್ಳಬಹುದು, ಆದರೆ ತಿಂಗಳು ತಿಂಗಳು ಫಿಕ್ಸೆಡ್ ಚಾರ್ಜ್ ಕಟ್ಟಬೇಕು. ಮೂರೇ ಮನೆಗೆ ಅದು ದಂಡ.

ಇನ್ನೊಂದು ವಿಷಯ. ಲೆಕ್ಕ ಹಾಕುತ್ತಾ ಕೂತಾಗ ತಾರಸಿಗೆ ಹೋಗಿ ನೋಡಿದೆ. ಟ್ಯಾಂಕ್ ತುಂಬಿದ ಮೇಲೂ ನೀರು ಮೋರಿಗೆ ಹರಿಯುತ್ತಿತ್ತು. ನಮ್ಮ ಮನೆ ಫ್ಲಶ್ ಕೂಡ ಸೋರುತ್ತಿದೆ, ಅದನ್ನು ಈ ವಾರವೇ ಸರಿ ಮಾಡಿಸುತ್ತೇನೆ. ಮೋಟರ್ ದಿನಕ್ಕೆ ಅರ್ಧ ಗಂಟೆ ಕಡಿಮೆ ಓಡಿದರೆ ತಿಂಗಳಿಗೆ 18 ಯೂನಿಟ್ ಉಳಿಯುತ್ತದೆ. 212 ಇದ್ದದ್ದು 194ಕ್ಕೆ ಬರುತ್ತದೆ. ಆಗ ಆಂಟಿ ಕಟ್ಟಬೇಕಾದ್ದು ಮಿತಿಯ ಮೇಲಿನ 4 ಯೂನಿಟ್‌ಗೆ ಮಾತ್ರ.

ಟ್ಯಾಂಕ್ ತುಂಬಿದರೆ ತಾನೇ ಆಫ್ ಆಗುವ ಸ್ವಿಚ್ ಹಾಕಲು ಎಲೆಕ್ಟ್ರಿಷಿಯನ್ ಭಾನುವಾರ ಹತ್ತು ಗಂಟೆಗೆ ಬರುತ್ತಾನೆ. ಸಬ್ ಮೀಟರ್ ಕೂಡ ಆಗಲೇ ಹಾಕಿಸಬಹುದು. ಅಣ್ಣ, ತಾರಸಿ ಬೀಗದ ಕೈ ನಿಮ್ಮ ಹತ್ತಿರ ಇದೆ, ಆ ಹೊತ್ತಿಗೆ ಮನೆಯಲ್ಲಿರಿ.